ಸಂಜೆ ಎಲ್ಲಿ ಆಗಬೇಕು?

ಭಾವ ಆ ಹಾಳೆಯನ್ನು ಪ್ರಿಂಟ್ ತೆಗೆಸಿ, ಲ್ಯಾಮಿನೇಟ್ ಮಾಡಿಸಿ, ಕಾರಿನ ಸೀಟಿನ ಹಿಂದಿನ ಜೇಬಿಗೆ ಸಿಕ್ಕಿಸಿದ್ದರು. ಮೂರು ದಿನ, ಹದಿನಾಲ್ಕು ಜಾಗ. ಕಾಪು ದೀಪಸ್ತಂಭಕ್ಕೆ ಇಪ್ಪತ್ತೈದು ನಿಮಿಷ, ಉಡುಪಿ ಕೃಷ್ಣನಿಗೆ ಒಂದು ಗಂಟೆ, ಮರವಂತೆಗೆ ಹದಿನೈದು ನಿಮಿಷ. ಮರವಂತೆಯ ಮುಂದೆ ‘ಫೋಟೊ’ ಎಂದೂ ಬರೆದಿತ್ತು. ತುಮಕೂರಿನಿಂದ ಹೊರಟವರು ನಾವು ಆರು ಜನ: ಭಾವ, ಅಕ್ಕ, ಅವರ ಇಬ್ಬರು ಮಕ್ಕಳು, ಮೊಣಕಾಲು ನೋವಿನ ಚಿಕ್ಕಮ್ಮ ಮತ್ತು ನಾನು. ಅದು ಮೇ ತಿಂಗಳು.

ಹಾಳೆಯಲ್ಲಿ ದೂರದ ಲೆಕ್ಕ ಎಲ್ಲೂ ತಪ್ಪಿರಲಿಲ್ಲ. ಬರೆದಿದ್ದ ಹೊತ್ತಿಗೇ, ಬೆಳಿಗ್ಗೆ ಹನ್ನೊಂದಕ್ಕೆ, ಕಾಪುವಿಗೆ ತಲುಪಿದೆವು. 1901ರಲ್ಲಿ ಬಂಡೆಯ ಮೇಲೆ ಕಟ್ಟಿದ ಆ ದೀಪಸ್ತಂಭದೊಳಗೆ ಜನರನ್ನು ಹತ್ತಲು ಬಿಡುವುದು ಸಂಜೆಯ ಹೊತ್ತು. ಮರಳು ದೋಸೆ ಕಾವಲಿಯ ಹಾಗೆ ಕಾದಿತ್ತು. ಮಕ್ಕಳು ಕುಣಿಯುತ್ತ ನೀರಿನವರೆಗೆ ಓಡಿ, ಕುಣಿಯುತ್ತಲೇ ವಾಪಸ್ ಬಂದರು. ಮರುದಿನ ಮುರ್ಡೇಶ್ವರಕ್ಕೆ ಬರುವಾಗ ಮಧ್ಯಾಹ್ನವಾಗಿ ದೇವಸ್ಥಾನದ ಬಾಗಿಲು ಹಾಕಿತ್ತು. ಗೋಕರ್ಣ ಸೇರುವಾಗ ರಾತ್ರಿ ಒಂಬತ್ತೂವರೆ. ‘ಕುಡ್ಲೆ ಬೀಚಿಗೆ ತಾಗಿಕೊಂಡೇ ಇದೆ’ ಎಂದು ಫೋನಿನಲ್ಲಿ ಹೇಳಿದ್ದ ರೂಮು ನಿಜವಾಗಿಯೂ ತಾಗಿಕೊಂಡೇ ಇತ್ತು. ಕಾರು ಮಾತ್ರ ಮೇಲೆ ಗುಡ್ಡದಲ್ಲೇ ನಿಲ್ಲಬೇಕಿತ್ತು. ಮೊಬೈಲ್ ಟಾರ್ಚಿನ ಬೆಳಕಲ್ಲಿ ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಊರುತ್ತ ಇಳಿದ ಚಿಕ್ಕಮ್ಮ, “ಸಮುದ್ರ ಎಲ್ಲಪ್ಪಾ ಇದೆ?” ಎಂದು ಕೇಳಿದರು. ಸದ್ದಿತ್ತು, ಕಾಣುತ್ತಿರಲಿಲ್ಲ. ಬೆಳಿಗ್ಗೆ ಏಳಕ್ಕೆ ಅಲ್ಲಿಂದ ಹೊರಡಬೇಕೆಂದು ಹಾಳೆ ಹೇಳುತ್ತಿತ್ತು.

ಆಮೇಲೆ ಇದೇ ದಾರಿಯಲ್ಲಿ ನಾಲ್ಕು ಸಲ ಓಡಾಡಿದ್ದೇನೆ. ತಲಪಾಡಿಯಿಂದ ಮಾಜಾಳಿವರೆಗೆ ನಮ್ಮ ಕರಾವಳಿಯ ಹೆದ್ದಾರಿ ಸುಮಾರು 280 ಕಿಲೋಮೀಟರು. ಕಾಗದದಲ್ಲಿ ಅದೀಗ ರಾಷ್ಟ್ರೀಯ ಹೆದ್ದಾರಿ 66, ಹಳಬರ ಬಾಯಲ್ಲಿ ಇನ್ನೂ ಹದಿನೇಳು. ಬೆಳಿಗ್ಗೆ ಮಂಗಳೂರಿನಲ್ಲಿ ತಿಂಡಿ ತಿಂದು ಹೊರಟವರು ಎಲ್ಲೂ ನಿಲ್ಲಿಸದಿದ್ದರೆ ಮಧ್ಯಾಹ್ನದ ಊಟಕ್ಕೆ ಕಾರವಾರದಲ್ಲಿರಬಹುದು. ಈ ಸಲೀಸೇ ನಮ್ಮನ್ನು ಕೆಡಿಸುವುದು. ಎಲ್ಲವೂ ಹತ್ತಿರ ಅನ್ನಿಸಿ ಎಲ್ಲವನ್ನೂ ಹಾಳೆಗೆ ತುಂಬುತ್ತೇವೆ. ಬಯಲುಸೀಮೆಯಿಂದ ಇಳಿದವರಿಗೆ ಸಮುದ್ರ ದಕ್ಕುವುದು ದಿನಕ್ಕೆ ಎರಡೇ ಹೊತ್ತು, ಬೆಳಿಗ್ಗೆ ಎಂಟರೊಳಗೆ ಮತ್ತು ಸಂಜೆ ನಾಲ್ಕೂವರೆ ದಾಟಿದ ಮೇಲೆ. ನಡುವಿನದ್ದು ದಾರಿಗೆ, ಊಟಕ್ಕೆ, ನೆರಳಿಗೆ. ಹಾಗಾಗಿ ಮೊದಲು ಬರೆದುಕೊಳ್ಳಬೇಕಾದದ್ದು ಜಾಗಗಳ ಪಟ್ಟಿಯನ್ನಲ್ಲ, ಪ್ರತಿದಿನದ ಸಂಜೆ ಎಲ್ಲಿ ಆಗಬೇಕು ಎಂಬುದನ್ನು. ಅದು ಗೊತ್ತಾದರೆ ರಾತ್ರಿ ಎಲ್ಲಿ ಮಲಗಬೇಕು ಎಂಬುದು ತಾನೇ ಗೊತ್ತಾಗುತ್ತದೆ. ಮಧ್ಯಾಹ್ನದ ಊಟ ಎಲ್ಲಿ ಎಂಬುದನ್ನು ಅಲ್ಲಿಂದ ಹಿಂದಕ್ಕೆ ಎಣಿಸಿದರಾಯಿತು. ಡಿಸೆಂಬರ್ ಮೊದಲಲ್ಲಿ ಇಲ್ಲಿ ಸೂರ್ಯ ಮುಳುಗುವುದು ಆರು ದಾಟಿ ಐದಾರು ನಿಮಿಷಕ್ಕೆ, ಮೇ ಕೊನೆಯಲ್ಲಿ ಏಳಕ್ಕೆ ಐದಿರುವಾಗ. ಈ ಸುಮಾರು ಐವತ್ತು ನಿಮಿಷದ ವ್ಯತ್ಯಾಸವೂ ಲೆಕ್ಕದಲ್ಲಿರಲಿ.

ಇನ್ನೊಂದು ಸಂಗತಿ ನನಗೆ ಹೊಳೆದದ್ದು ಮೂರನೆಯ ಸಲ. ತೆಂಕಿನಿಂದ ಬಡಗಿಗೆ, ಅಂದರೆ ಮಂಗಳೂರಿನಿಂದ ಕಾರವಾರದ ಕಡೆಗೆ ಹೋಗುವಾಗ ಸಮುದ್ರ ಎಡಗಡೆ. ನಾವು ಗಾಡಿ ಓಡಿಸುವುದೂ ಎಡಗಡೆ. ಹೆದ್ದಾರಿ ಬಹುಪಾಲು ಚತುಷ್ಪಥವಾಗಿ ನಡುವೆ ವಿಭಜಕ ಬಂದ ಮೇಲೆ ಇದು ದೊಡ್ಡ ಮಾತು. ಬೀಚಿನ ಬೋರ್ಡು ಕಂಡ ಕೂಡಲೇ ಎಡಕ್ಕೆ ತಿರುಗಿದರೆ ಮುಗಿಯಿತು. ಎದುರು ದಿಕ್ಕಿನಿಂದ ಬಂದರೆ ಪ್ರತಿ ಬೀಚಿಗೂ ಮುಂದೆ ಹೋಗಿ, ಯು ಟರ್ನ್ ಹುಡುಕಿ, ಲಾರಿಗಳ ನಡುವೆ ನುಸುಳಿ ಬರಬೇಕು. ಹೀಗೆ ‘ಹೋಗಲಿ ಬಿಡು, ಮುಂದೆ ನೋಡೋಣ’ ಎಂದು ಬಿಟ್ಟುಹೋದ ಜಾಗಗಳೇ ಹೆಚ್ಚು.

ಘಟ್ಟದ ಮೇಲಿನವರು ಇದರ ಜತೆಗೆ ಯಾವ ಘಾಟಿ ಇಳಿಯುವುದು, ಯಾವುದನ್ನು ಹತ್ತುವುದು ಎಂಬುದನ್ನೂ ನಿರ್ಧರಿಸಬೇಕು. ಇಳಿದ ಘಾಟಿಯನ್ನೇ ಹತ್ತಿದರೆ ಅರ್ಧ ಪ್ರವಾಸ ಅದೇ ರಸ್ತೆಯನ್ನು ಎರಡನೆಯ ಸಲ ನೋಡುವುದರಲ್ಲಿ ಹೋಗುತ್ತದೆ. ಶಿರಾಡಿಯಲ್ಲಿ ಇಳಿದು ಅಂಕೋಲೆಯಿಂದ ಅರಬೈಲು ಘಾಟಿ ಹತ್ತಿ ಯಲ್ಲಾಪುರ, ಹುಬ್ಬಳ್ಳಿ ಮೇಲೆ ಮನೆಗೆ, ಇದು ನಮ್ಮ ದಾರಿ. ಶಿವಮೊಗ್ಗದವರು ಹುಲಿಕಲ್ಲಿನಲ್ಲಿ ಇಳಿದು ಹೊನ್ನಾವರದಿಂದ ಗೇರುಸೊಪ್ಪೆಯ ಮೇಲೆ ಹತ್ತಬಹುದು. ಕುಮಟೆಯಿಂದ ಶಿರಸಿಗೆ ದೇವಿಮನೆ ಘಾಟಿಯಿದೆ. ಮಳೆಗಾಲದಲ್ಲಿ ಯಾವ ಘಾಟಿ ಯಾವತ್ತು ಮುಚ್ಚುತ್ತದೆ ಎಂಬುದನ್ನು ಹೊರಡುವ ದಿನ ಬೆಳಿಗ್ಗೆಯೇ ವಿಚಾರಿಸಬೇಕು.

*

ಸೇತುವೆಗಳು ಬರುವ ಮುನ್ನ ಈ ದಾರಿಯಲ್ಲಿ ನಿಲುಗಡೆಗಳನ್ನು ಯಾರೂ ಯೋಚಿಸಬೇಕಿರಲಿಲ್ಲ. ನೇತ್ರಾವತಿ, ಫಲ್ಗುಣಿ, ಶಾಂಭವಿ, ಸ್ವರ್ಣಾ, ಸೀತಾ, ಪಂಚಗಂಗಾವಳಿ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ಎಂದು ಹೊಳೆಗಳೇ ನಿಲ್ಲಿಸುತ್ತಿದ್ದವು. ದೋಣಿ ದಾಟುವ ಜಾಗಕ್ಕೆ ತೆಂಕಿನಲ್ಲಿ ಕಡವು, ಬಡಗಿನಲ್ಲಿ ತಾರಿ. ದೋಣಿ ಈ ದಡಕ್ಕೆ ಬರುವವರೆಗೆ ಕೂರಬೇಕಿತ್ತು, ಕೂತಲ್ಲಿ ಚಹಾ ಅಂಗಡಿ ಹುಟ್ಟುತ್ತಿತ್ತು. ಈಗ ಸೇತುವೆ ಮೇಲೆ ಅರ್ಧ ನಿಮಿಷದಲ್ಲಿ ದಾಟುವ ಹೊಳೆಯ ಹೆಸರು ಓದುವಷ್ಟರಲ್ಲಿ ಬೋರ್ಡು ಹಿಂದೆ ಹೋಗಿರುತ್ತದೆ. ಆದರೂ ಹೊಳೆ ದಾಟಿದಾಗಲೆಲ್ಲ ಏನೋ ಬದಲಾಗುತ್ತದೆ. ಸೀತಾನದಿಯ ಆಸುಪಾಸಿನಲ್ಲಿ ತುಳು ತೆಳುವಾಗಿ ಕುಂದಗನ್ನಡ ಶುರುವಾಗುತ್ತದೆ. ಭಟ್ಕಳದಲ್ಲಿ ನವಾಯಿತಿ ಕಿವಿಗೆ ಬೀಳುತ್ತದೆ. ಕಾರವಾರ ಹತ್ತಿರವಾದಂತೆ ಕೊಂಕಣಿ.

ಬದಲಾವಣೆ ಎಲ್ಲಕ್ಕಿಂತ ಚೆನ್ನಾಗಿ ಗೊತ್ತಾಗುವುದು ಮೀನಿನ ಹೆಸರಿನಲ್ಲಿ. ಮಂಗಳೂರಿನ ಬೂತಾಯಿ ಕುಂದಾಪುರದಲ್ಲಿ ಬೈಗಿ, ಅಂಕೋಲೆಯಲ್ಲಿ ತಾರ್ಲೆ. ಅಂಜಲ್ ಬಡಗಿಗೆ ಹೋದಂತೆ ಇಸ್ವಾಣ. ಚಿಪ್ಪಿನ ಮರುವಾಯಿ ಅಲ್ಲಿ ಬಳಚು. ಒಂದೂರಿನಲ್ಲಿ ಕಲಿತ ಹೆಸರು ಮುಂದಿನ ಊರಿನ ಹೋಟೆಲಿನಲ್ಲಿ ಕೆಲಸಕ್ಕೆ ಬರುವುದಿಲ್ಲ. ಕುಂದಾಪುರದ ಒಂದು ಸಣ್ಣ ಹೋಟೆಲಿನಲ್ಲಿ ಭಾವ ಗತ್ತಿನಿಂದ ಕಾಣೆ ಫ್ರೈ ಕೇಳಿದರು. “ಇವತ್ತ್ ಬೈಗಿ ಇತ್ತ್, ಕಾಣೆ ಇಲ್ಲೆ” ಎಂದರು ಮಾಲೀಕರು. ಇಲ್ಲವೆಂದು ಹೇಳುವ ಹೋಟೆಲನ್ನು ನಂಬಬಹುದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆಗಲೂ ಎಲ್ಲ ಬಗೆಯ ಕಡಲ ಮೀನನ್ನೂ ಮೆನುವಿನಲ್ಲಿಟ್ಟ ಹೋಟೆಲು ಕಂಡರೆ, ಅದು ಎಲ್ಲಿಂದ, ಎಷ್ಟು ದಿನ ಐಸಿನಲ್ಲಿದ್ದು ಬಂದದ್ದು ಎಂದು ಕೇಳುವುದು ತಪ್ಪಲ್ಲ. ಆ ಎರಡು ತಿಂಗಳು ಹೊಳೆ ಮೀನೇ ಲೇಸು.

*

ಇನ್ನು ರಾತ್ರಿಯ ವಿಚಾರ. ನಮ್ಮ ಮೊದಲ ತಪ್ಪು ದಿನಕ್ಕೊಂದು ಊರಲ್ಲಿ ರೂಮು ಹಿಡಿದದ್ದು. ಆರು ಜನರ ಬ್ಯಾಗು ಇಳಿಸಿ, ಒದ್ದೆ ಬಟ್ಟೆ ಹರವಿ, ಬೆಳಿಗ್ಗೆ ಒಣಗದ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿಗೆ ತುಂಬಿ ಮತ್ತೆ ಹತ್ತಿಸುವುದರಲ್ಲೇ ದಿನಕ್ಕೆ ಮೂರು ತಾಸು. ಕರಾವಳಿಯ ಗಾಳಿಯಲ್ಲಿ ಒಂದು ಟವೆಲ್ ಒಣಗಲು ಒಂದು ರಾತ್ರಿ ಸಾಲದು ಎಂಬುದನ್ನು ಯಾವ ಪ್ರವಾಸಿ ಕೈಪಿಡಿಯೂ ಹೇಳಿದ್ದಿಲ್ಲ. ಎರಡು ರಾತ್ರಿ ಒಂದೇ ಕಡೆ ಇದ್ದರೆ ಆ ನಡುವಿನ ದಿನ ಕಾರಿನಲ್ಲಿ ಸಾಮಾನಿರುವುದಿಲ್ಲ, ಮನಸ್ಸಿನಲ್ಲೂ ಇರುವುದಿಲ್ಲ.

ಎರಡನೆಯದು, ಹೆಸರಾದ ಊರಿನಲ್ಲೇ ಮಲಗಬೇಕೆಂಬ ಹಟ. ಗೋಕರ್ಣದ ರಥಬೀದಿಗೆ ಹೊಕ್ಕ ಕಾರು ಹೊರಬರುವ ಹೊತ್ತಿಗೆ ಚಾಲಕನ ಭಕ್ತಿ ಕರಗಿರುತ್ತದೆ. ವಯಸ್ಸಾದವರಿದ್ದರೆ ನಾನೀಗ ಕುಮಟೆಯಲ್ಲಿ ಇಳಿಯುತ್ತೇನೆ. ಮೂವತ್ತು ಕಿಲೋಮೀಟರಿನ ಆಸುಪಾಸು, ಬೆಳಿಗ್ಗೆ ಆರಕ್ಕೆ ಹೊರಟರೆ ಬೀದಿಯಲ್ಲಿ ಹೂವಿನವರು ಅಂಗಡಿ ಹಾಕುವ ಹೊತ್ತಿಗೆ ಮಹಾಬಲೇಶ್ವರನ ಮುಂದೆ. ಕುಮಟೆ ಪೇಟೆಯ ಊರು. ಔಷಧಿ ಅಂಗಡಿ, ಪಂಕ್ಚರ್ ಅಂಗಡಿ, ಬಿಸಿ ಗಂಜಿ, ಎಲ್ಲ ಸಿಗುತ್ತವೆ. ಹುಡುಗರು ಬೆನ್ನಿಗೆ ಚೀಲ ಹಾಕಿ ಹೊರಟಿದ್ದರೆ ಮಾತು ಬೇರೆ. ಅವರು ಕುಡ್ಲೆಯಲ್ಲೋ ಓಂ ಬೀಚಿನಲ್ಲೋ ಇರಲಿ, ಮೆಟ್ಟಿಲು ಅವರಿಗೆ ಲೆಕ್ಕವಲ್ಲ.

ರೂಮು ಹಿಡಿಯುವಾಗ ನಾವು ಕೇಳುವುದು ಎಸಿ ಇದೆಯೇ, ವೈಫೈ ಇದೆಯೇ ಎಂದು. ಕೇಳಬೇಕಾದದ್ದು ಕಾರು ಬಾಗಿಲವರೆಗೆ ಬರುತ್ತದೆಯೇ, ಎಷ್ಟು ಮೆಟ್ಟಿಲು, ಮೇ ತಿಂಗಳಾದರೆ ಬಾವಿಯಲ್ಲಿ ಸಿಹಿ ನೀರಿದೆಯೇ ಎಂದು. ಸಮುದ್ರಕ್ಕೆ ಹತ್ತಿರದ ಬಾವಿಗಳು ಬೇಸಿಗೆಯ ಕೊನೆಗೆ ಉಪ್ಪಾಗುವುದುಂಟು. ಸ್ನಾನ ಮಾಡಿದರೂ ಮೈ ಅಂಟು ಬಿಡುವುದಿಲ್ಲ. ಯಾತ್ರಾಸ್ಥಳದ ಲಾಡ್ಜುಗಳಲ್ಲಿ ಕೆಲವು ಇಪ್ಪತ್ನಾಲ್ಕು ಗಂಟೆಯ ಲೆಕ್ಕದವು, ಕೆಲವು ಮಧ್ಯಾಹ್ನ ಹನ್ನೆರಡಕ್ಕೆ ಬೀಗ ಕೇಳುವವು. ಸಂಜೆ ನಾಲ್ಕಕ್ಕೆ ಸೇರುವವರಿಗೆ ಮೊದಲನೆಯದೇ ಲಾಭ. ರೂಮು ಹಿಡಿಯುವ ಮೊದಲೇ ಪಂಚಾಂಗವನ್ನೂ ನೋಡಬೇಕು. ಉಡುಪಿಯ ಅಷ್ಟಮಠಗಳ ಪರ್ಯಾಯ ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷದ ಜನವರಿ 18ಕ್ಕೆ. ಆ ವಾರ ಉಡುಪಿಯಲ್ಲಿ ರೂಮು ಕೇಳುವುದು ಶಿವರಾತ್ರಿಗೆ ಗೋಕರ್ಣದಲ್ಲಿ ರೂಮು ಕೇಳಿದ ಹಾಗೆಯೇ. ನವೆಂಬರಿನಿಂದ ಜನವರಿವರೆಗೆ ಶಾಲಾ ಪ್ರವಾಸದ ಬಸ್ಸುಗಳ ಕಾಲ. ಮುರ್ಡೇಶ್ವರದ 237 ಅಡಿಯ ರಾಜಗೋಪುರದ ಲಿಫ್ಟಿಗೆ ಆಗ ಹನುಮಂತನ ಬಾಲದ ಸಾಲು.

ರೂಮೇ ಬೇಡದ ರಾತ್ರಿಯೂ ಒಂದಿದೆ. ನವೆಂಬರಿನಿಂದ ಮೇ ತಿಂಗಳ ಕೊನೆಯ ಪತ್ತನಾಜೆಯವರೆಗೆ ಯಕ್ಷಗಾನದ ಮೇಳಗಳು ತಿರುಗಾಟದಲ್ಲಿರುತ್ತವೆ. ಹರಕೆಯ ಆಟಕ್ಕೆ ಟಿಕೆಟ್ಟಿಲ್ಲ, ಕರೆಯೋಲೆಯೂ ಬೇಕಿಲ್ಲ. ಹೆದ್ದಾರಿ ಬದಿಯ ಗದ್ದೆಯಲ್ಲಿ ದೀಪ ಕಂಡು ಚೆಂಡೆ ಕೇಳಿದರೆ ನಿಲ್ಲಿಸಬಹುದು. ಉಡುಪಿಯವರೆಗೆ ತೆಂಕು, ಬ್ರಹ್ಮಾವರ ದಾಟಿದರೆ ಬಡಗು. ಚೆಂಡೆಯ ದನಿ, ಕಿರೀಟದ ಆಕಾರ ಎರಡೂ ಬೇರೆ. ಕೋಟದ ಆಚೆ ಒಂದು ಗದ್ದೆಯಲ್ಲಿ ನಾವು ‘ಅರ್ಧ ಗಂಟೆ ನೋಡಿ ಹೋಗೋಣ’ ಎಂದು ಕೂತೆವು. ಮಕ್ಕಳು ಚಿಕ್ಕಮ್ಮನ ಸೆರಗಿನಡಿ ನಿದ್ದೆ ಹೋದರು. ಭಾಗವತರು ನಡುರಾತ್ರಿ ದಾಟಿ ಏರುಸ್ವರ ಹಿಡಿದಾಗ ಚಿಕ್ಕಮ್ಮ ಮಾತ್ರ ನೆಟ್ಟಗೆ ಕೂತಿದ್ದರು. ಎರಡು ಗಂಟೆಗೆ ಎಬ್ಬಿಸಿದರೆ, “ರಾಕ್ಷಸ ಇನ್ನೂ ಸತ್ತಿಲ್ಲ, ಸುಮ್ಮನಿರು” ಎಂದರು. ಆ ರಾತ್ರಿಯ ರೂಮಿಗೆ ಕೊಟ್ಟ ಬಾಡಿಗೆ ಬ್ಯಾಗುಗಳು ಮಲಗಿದ್ದಕ್ಕೆ.

ಹಾಗೆಂದು ಕತ್ತಲಲ್ಲಿ ಊರೂರು ದಾಟುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಯಕ್ಷಗಾನ ಮುಗಿಸಿ ನಾಲ್ಕೈದು ಕಿಲೋಮೀಟರು ಹೋಗುವುದು ಬೇರೆ, ನೂರು ಕಿಲೋಮೀಟರು ಬೇರೆ. ವಿಭಜಕದ ನಡುವೆ ಮಲಗಿದ ದನಗಳು, ದೀಪವಿಲ್ಲದೆ ಎದುರು ದಿಕ್ಕಿನಲ್ಲಿ ಬರುವ ಬೈಕು, ಮೀನಿನ ಲಾರಿಯಿಂದ ಸೋರಿದ ನೀರಿನಲ್ಲಿ ಜಾರುವ ದ್ವಿಚಕ್ರದವರು, ಇವೆಲ್ಲ ರಾತ್ರಿಯವು. ದಾರಿ ತೋರಿಸುವ ಮೊಬೈಲೂ ಒಮ್ಮೊಮ್ಮೆ ಕೈ ಕೊಡುತ್ತದೆ. ಈ ಹೆದ್ದಾರಿಯ ಮೇಲೆ ಶಿರೂರು ಎಂಬ ಊರು ಎರಡಿವೆ. ಒಂದು ಬೈಂದೂರು ತಾಲ್ಲೂಕಿನದು, ಇನ್ನೊಂದು ಅಂಕೋಲೆಯದು.

ಅಂಕೋಲೆಯ ಶಿರೂರನ್ನು 2024ರ ಜುಲೈ 16ರ ಮೇಲೆ ಯಾರೂ ಮರೆಯಲಾರರು. ಅಲ್ಲಿ ಒಂದು ಕಡೆ ಕಡಿದ ಗುಡ್ಡ, ಇನ್ನೊಂದು ಕಡೆ ಗಂಗಾವಳಿ. ನಡುವೆ ಹೆದ್ದಾರಿಗೆ ತಾಗಿ ಒಂದು ಚಹಾ ಅಂಗಡಿ. ಲಾರಿಯವರು ಅಲ್ಲಿ ನಿಲ್ಲಿಸಿ ಬೆಳಗಿನ ಚಹಾ ಕುಡಿಯುತ್ತಿದ್ದರು. ಆ ಬೆಳಿಗ್ಗೆ ಗುಡ್ಡ ಅಂಗಡಿಯನ್ನೂ ಅದನ್ನು ನಡೆಸುತ್ತಿದ್ದ ಮನೆಯವರನ್ನೂ ತೆಗೆದುಕೊಂಡು ಹೊಳೆಗೆ ಇಳಿಯಿತು. ಕೇರಳದ ಒಬ್ಬ ಚಾಲಕನ ಲಾರಿ ನೀರಿನಿಂದ ಮೇಲೆ ಬಂದದ್ದು ಎರಡು ತಿಂಗಳು ಕಳೆದ ಮೇಲೆ, ಸೆಪ್ಟೆಂಬರಿನಲ್ಲಿ. ಗುಡ್ಡ ಕುಸಿದ ಮರುತಿಂಗಳೇ, ಆಗಸ್ಟ್ 7ರ ನಡುರಾತ್ರಿ, ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಚಹಾ ಎಷ್ಟೇ ಬೇಕೆನ್ನಿಸಿದರೂ ಕಡಿದ ಗುಡ್ಡದ ಬುಡದಲ್ಲಿ ನಾನು ಕಾರು ನಿಲ್ಲಿಸುವುದಿಲ್ಲ. ಪೇಟೆ ಬರಲಿ ಎಂದು ಕಾಯುತ್ತೇನೆ.

ನೀರಿಗಿಳಿಯುವುದೂ ಹೀಗೆಯೇ. ಮಕ್ಕಳನ್ನು ಈಜಿಸಬೇಕೆಂದಿದ್ದರೆ ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು. ಎರಡಕ್ಕೂ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಬಂದಿದೆ, ಜೀವರಕ್ಷಕರಿರುತ್ತಾರೆ. ಕಾಸರಕೋಡಿನ ಬಳಿಯೇ ಶರಾವತಿಯ ಕಾಂಡ್ಲಾ ಕಾಡಿನೊಳಗೆ ಮರದ ಹಲಗೆಯ ಕಾಲುದಾರಿಯೂ ಇದೆ. ಮರವಂತೆ ಕಣ್ಣಿಗೆ ಮಾತ್ರ. ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ, ನಡುವೆ ರಸ್ತೆ. ಅಲ್ಲಿನ ಅಲೆ, ಬಂಡೆ ಎರಡೂ ದಯೆಯಿಲ್ಲದವು. ರಸ್ತೆ ಬದಿಗೆ ಕಾರು ನಿಲ್ಲಿಸಿ, ಬಾಗಿಲು ತೆರೆದು, ಹೆದ್ದಾರಿಗೇ ಬೆನ್ನು ಹಾಕಿ ಸೆಲ್ಫಿ ತೆಗೆಯುವವರನ್ನು ಕಂಡರೆ ನನಗೆ ಅಲೆಗಿಂತ ಹೆಚ್ಚು ಭಯ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಲ್ಲಿ ತೀರಿಕೊಂಡರು. ಅದು ಮಳೆಗಾಲವಲ್ಲ, ಸಮುದ್ರ ಶಾಂತವಿರುತ್ತದೆಂದು ನಾವೆಲ್ಲ ನಂಬುವ ತಿಂಗಳು.

*

ಕಳೆದ ಸಲ ಮತ್ತೆ ಅದೇ ಆರು ಜನ ಹೊರಟೆವು, ಡಿಸೆಂಬರಿನ ಮೊದಲ ವಾರ. ಹಾಳೆ ಬರೆದದ್ದು ನಾನು. ಅದರಲ್ಲಿ ನಾಲ್ಕೇ ಸಾಲು, ನಾಲ್ಕು ಸಂಜೆ. ಕಾಪು, ಬೈಂದೂರಿನ ಒತ್ತಿನೆಣೆ ಗುಡ್ಡ, ಕಾಸರಕೋಡು, ನಾಲ್ಕನೆಯದು ಖಾಲಿ. “ಖಾಲಿ ಅಂದ್ರೆ?” ಎಂದು ಭಾವ ಕೇಳಿದರು. “ಖಾಲಿ ಅಂದ್ರೆ ಖಾಲಿ ಭಾವ” ಎಂದೆ. ಕಾರವಾರವನ್ನು ಬಿಟ್ಟಿದ್ದಕ್ಕೆ ಅವರು ಶಿರಾಡಿ ಇಳಿಯುವವರೆಗೂ ಮುನಿದಿದ್ದರು. ಕಾರವಾರಕ್ಕೆ ಅರ್ಧ ದಿನ ಕೊಡುವುದು ಅದಕ್ಕೆ ಮಾಡುವ ಅವಮಾನ. 1880ರ ದಶಕದಲ್ಲಿ, ಅಣ್ಣ ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಬಂದಿದ್ದ ಯುವಕ ರವೀಂದ್ರನಾಥ ಟ್ಯಾಗೋರರು ಅಲ್ಲಿ ತಂಗಿ ನಾಟಕವನ್ನೇ ಬರೆದರು. ನಾವು ಗಂಟೆ ನೋಡಿಕೊಂಡು ಹೋಗಿ ಬರುವುದೇ?

ಬೆಳಿಗ್ಗೆ ಐದಕ್ಕೆ ತುಮಕೂರು ಬಿಟ್ಟು ಸಂಜೆ ನಾಲ್ಕೂವರೆಗೆ ಕಾಪುವಿನಲ್ಲಿದ್ದೆವು. ಈ ಸಲ ದೀಪಸ್ತಂಭದ ಬಾಗಿಲು ತೆರೆದಿತ್ತು. ಚಿಕ್ಕಮ್ಮ ಬುಡದ ಬಂಡೆಯ ಮೇಲೆ ಕೂತರು, ಮಕ್ಕಳು ಹತ್ತಿದರು. ರಾತ್ರಿ ಉಡುಪಿ. ಬೆಳಿಗ್ಗೆ ಕನಕನ ಕಿಂಡಿ ಮುಗಿಸಿ ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಮೊದಲ ದೋಣಿ ಹಿಡಿದೆವು. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಲಾವಾ ತಣಿದು ಕಂಬಕಂಬವಾಗಿ ನಿಂತ ದ್ವೀಪವದು. ಮಳೆಗಾಲದಲ್ಲಿ ದೋಣಿ ಬಂದ್, ಮಧ್ಯಾಹ್ನವಾದರೆ ನೆರಳಿಲ್ಲ. ಕೋಟದಲ್ಲಿ ಶಿವರಾಮ ಕಾರಂತರ ಥೀಮ್ ಪಾರ್ಕಿನಲ್ಲಿ ಮಧ್ಯಾಹ್ನದ ಬಿಸಿಲು ಕಳೆಯಿತು. ‘ಮರಳಿ ಮಣ್ಣಿಗೆ’ ಓದಿದವರಿಗೆ ಅಲ್ಲಿಂದ ಮುಂದಿನ ಮಳಲು, ತೆಂಗು, ಹೊಳೆ ಯಾವುದೂ ಹೊಸದಲ್ಲ. ಒತ್ತಿನೆಣೆಯ ಮೇಲಿಂದ ನೋಡಿದ ಸಂಜೆಯನ್ನು ನಾನು ವರ್ಣಿಸಲು ಹೋಗುವುದಿಲ್ಲ. ಮಕ್ಕಳು ಫೋನು ಕೇಳಲಿಲ್ಲ, ಅಷ್ಟು ಸಾಕು.

ಮೂರನೆಯ ಸಂಜೆ ಕಾಸರಕೋಡು, ಆಮೇಲಿನ ಎರಡು ರಾತ್ರಿ ಕುಮಟೆ. ಗೋಕರ್ಣದ ಬೆಳಿಗ್ಗೆ ಮುಗಿದ ಮೇಲೆ ಮಿರ್ಜಾನ ಕೋಟೆಗೆ ಹೋದೆವು. ಹೆದ್ದಾರಿಯಿಂದ ಸ್ವಲ್ಪವೇ ಒಳಗೆ, ಮುರಕಲ್ಲಿನ ಗೋಡೆಗಳ ಮೇಲೆ ಹಾವಸೆ. ಕಾಳುಮೆಣಸಿನ ರಾಣಿ ಎಂದು ಹೆಸರಾದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಸೇರಿದ ಕೋಟೆ. ಖಾಲಿ ಬಿಟ್ಟ ನಾಲ್ಕನೆಯ ಸಂಜೆ ಅಘನಾಶಿನಿ ದಡದಲ್ಲಿ ಆಯಿತು. ಇಳಿತದ ಹೊತ್ತು. ಹೆಂಗಸರು ಮೊಣಕಾಲು ನೀರಿನಲ್ಲಿ ಬಾಗಿ ಬಳಚು ಹೆಕ್ಕುತ್ತಿದ್ದರು. ಆಚೆ ಗಜನಿ ಭೂಮಿ, ಉಪ್ಪುನೀರು ತಡೆದು ಬೆಳೆಯುವ ಕಗ್ಗ ಭತ್ತದ ಕೊಯ್ಲು ಮುಗಿದಿತ್ತು. ಈ ಜಾಗ ಭಾವನ ಹಳೆಯ ಹಾಳೆಯ ಹದಿನಾಲ್ಕರಲ್ಲಿ ಇರಲಿಲ್ಲ. ನನ್ನ ಹಾಳೆಯಲ್ಲೂ ಇರಲಿಲ್ಲ.

ಕೊನೆಯ ಬೆಳಿಗ್ಗೆ ಅಂಕೋಲೆ ಪೇಟೆ. ಮೇ ತಿಂಗಳಾಗಿದ್ದರೆ ಕರಿ ಇಶಾಡು ಮಾವು ತುಂಬಿಕೊಳ್ಳಬಹುದಿತ್ತು. ಡಿಸೆಂಬರಿನಲ್ಲಿ ಒಣಮೀನು. ಇದನ್ನು ಎಲ್ಲ ನಿಲುಗಡೆಗಳ ಕೊನೆಗೆ, ಘಾಟಿ ಹತ್ತುವ ಮುಂಚೆ ಇಟ್ಟುಕೊಳ್ಳಬೇಕು. ಮೊದಲ ದಿನವೇ ಕೊಂಡವರು ನಾಲ್ಕು ದಿನ ಗಾಜು ಇಳಿಸಿಕೊಂಡೇ ಓಡಾಡಬೇಕಾಗುತ್ತದೆ. ಅಕ್ಕ ಬಂಗಡೆ, ಸಿಗಡಿ ಎಂದು ಎರಡು ಕಿಲೋ ಕಟ್ಟಿಸಿದಳು. ಕಾಗದದ ಕಟ್ಟು, ಮೇಲೊಂದು ಪ್ಲಾಸ್ಟಿಕ್. ಡಿಕ್ಕಿ ತೆಗೆದ ಭಾವ ಬ್ಯಾಗುಗಳನ್ನು ಒಂದೆಡೆ ಸರಿಸಿ, ಕಟ್ಟನ್ನು ಎಲ್ಲಿಡುವುದೆಂದು ಒಂದು ಕ್ಷಣ ನೋಡಿದರು. ಆಮೇಲೆ ಮುಂದೆ ಹೋಗಿ ಸೀಟಿನ ಹಿಂದಿನ ಜೇಬಿನಿಂದ ಹಳೆಯ ಲ್ಯಾಮಿನೇಟ್ ಹಾಳೆ ತಂದು ಕೆಳಗೆ ಹಾಸಿದರು. ಹದಿನಾಲ್ಕು ಜಾಗಗಳ ಮೇಲೆ ಒಣಮೀನು ಕೂತು ಅರಬೈಲು ಹತ್ತಿತು. ಯಲ್ಲಾಪುರದವರೆಗೆ ತಡೆದ ಚಿಕ್ಕಮ್ಮ, “ಹುಬ್ಬಳ್ಳೀಲಿ ಕಾಫಿಗೆ ನಿಲ್ಲಿಸಪ್ಪ, ನನಗೆ ಸ್ವಲ್ಪ ಗಾಳಿ ಬೇಕು” ಎಂದರು.